ವ್ಯಾಟ್ ಬಿಡು, ಡಬ್ಬ ನೋಡು

ನೋಡಪ್ಪ, ಹೊಸ ಕಾರು ಬಂದದ್ದು ಸಂತೋಷ. ಡಿಕ್ಕಿಗೆ ಸಬ್‌ವೂಫರ್ ಹಾಕಿಸೋಕೆ ಜೆ.ಸಿ. ರಸ್ತೆಗೆ ಹೊರಟಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ಹಾಕಿಸು, ಬೇಡ ಅನ್ನುವವನಲ್ಲ ನಾನು. ಮೃದಂಗದ ಎಡಗೈ ಗುಮ್ಕಿ, ಡೊಳ್ಳಿನ ಏಟು, ಹಂಸಲೇಖರ ಹಾಡುಗಳ ಬಾಸ್ ಗಿಟಾರ್ ಇವೆಲ್ಲ ಬಾಗಿಲಿನ ಪುಟ್ಟ ಸ್ಪೀಕರಿಗೆ ಎಟುಕುವಂಥವಲ್ಲ. ಆದರೆ ದುಡ್ಡು ಎಣಿಸುವ ಮುಂಚೆ ಒಂದು ಮಾತು ಕೇಳಿಸಿಕೋ. ಅಂಗಡಿಯಲ್ಲಿ ವ್ಯಾಟ್ ಹೇಳುತ್ತಾರೆ, ಇಂಚು ಹೇಳುತ್ತಾರೆ. ಲೀಟರ್ ಹೇಳುವವರು ಕಡಿಮೆ. ಬಾಸ್ ಚೆನ್ನಾಗಿರುವುದೂ ಕೆಡುವುದೂ ಡಬ್ಬದ ಒಳಗಿನ ಆ ಲೀಟರಿನಲ್ಲೇ.

ಡಬ್ಬ ಯಾಕೆ ಬೇಕು ಅನ್ನುವುದನ್ನು ಮೊದಲು ತಿಳಿದುಕೋ. ಸ್ಪೀಕರಿನ ಕೋನ್ ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಹೊತ್ತಿಗೆ ಹಿಂದಿನ ಗಾಳಿ ಸಡಿಲವಾಗುತ್ತದೆ. ಡಬ್ಬವಿಲ್ಲದಿದ್ದರೆ ಇವೆರಡೂ ಅಂಚು ಸುತ್ತಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ಬರೀ ಸಬ್‌ವೂಫರನ್ನು ಮೇಜಿನ ಮೇಲಿಟ್ಟು ನುಡಿಸಿ ನೋಡು, ಕೋನ್ ಕುಣಿಯುತ್ತದೆ, ಬಾಸ್ ಮಾತ್ರ ಇರುವುದಿಲ್ಲ. ಹಿಂದಿನ ಗಾಳಿಯನ್ನು ಕಟ್ಟಿಹಾಕುವುದು ಡಬ್ಬದ ಮೊದಲ ಕೆಲಸ. ಒಳಗೆ ಸಿಕ್ಕ ಆ ಗಾಳಿಯೇ ಸ್ಪ್ರಿಂಗ್ ಆಗಿ ಕೋನನ್ನು ಹತೋಟಿಯಲ್ಲಿಡುವುದು ಎರಡನೆಯದು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಈ ಗಾಳಿಯ ಸ್ಪ್ರಿಂಗನ್ನೇ ನಂಬಿ ಎಆರ್-1 ಎಂಬ ಮುಚ್ಚಿದ ಪೆಟ್ಟಿಗೆ ತಂದರು. ಆಗಿನ ದೊಡ್ಡ ದೊಡ್ಡ ಕ್ಯಾಬಿನೆಟ್ಟುಗಳ ಮುಂದೆ ಅದು ಪುಟ್ಟದು, ಆದರೂ ಆಳದ ಬಾಸ್ ಕೊಟ್ಟಿತು. 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್ ಕೊಳವೆ ಇರುವ ಡಬ್ಬಗಳ ಗಣಿತ ಬರೆದರು, 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು. ಒಳ್ಳೆಯ ಸಬ್‌ವೂಫರಿನ ಜೊತೆ ಬರುವ ಕಾಗದದಲ್ಲಿರುವ ಥೀಲ್-ಸ್ಮಾಲ್ ಅಂಕಿಗಳು ಅವರಿಬ್ಬರ ಕೊಡುಗೆ. ಆ ಕಾಗದವನ್ನು ಕೇಳಿ ಇಸಿದುಕೋ. ಅದೇ ಇಲ್ಲದ ಸಬ್‌ವೂಫರಿಗೆ ಡಬ್ಬ ಕಟ್ಟುವುದು ಕಣ್ಣಂದಾಜಿನ ಕೆಲಸ.

ಮೂರು ಅಂಕಿ ಸಾಕು. ಎಫ್‌ಎಸ್ ಅಂದರೆ ಕೋನ್ ತಾನಾಗಿ ಅನುರಣಿಸುವ ಆವರ್ತನ. ವಿಎಎಸ್ ಅಂದರೆ ಅದರ ಅಂಚಿನ ಬಿಗಿತಕ್ಕೆ ಸಮನಾದ ಗಾಳಿ ಎಷ್ಟು ಲೀಟರ್ ಅನ್ನುವುದು. ಕ್ಯೂಟಿಎಸ್ ಅಂದರೆ ಆ ಅನುರಣನಕ್ಕೆ ಎಷ್ಟು ಲಗಾಮಿದೆ ಅನ್ನುವುದು. ಮುಚ್ಚಿದ ಡಬ್ಬಕ್ಕೆ ಲೆಕ್ಕ ಹತ್ತನೇ ಕ್ಲಾಸಿನದ್ದು. 0.707ನ್ನು ಕ್ಯೂಟಿಎಸ್‌ನಿಂದ ಭಾಗಿಸಿ ವರ್ಗ ಮಾಡು, ಒಂದು ಕಳೆ, ಉಳಿದದ್ದರಿಂದ ವಿಎಎಸನ್ನು ಭಾಗಿಸು. ವಿಎಎಸ್ 40 ಲೀಟರ್, ಕ್ಯೂಟಿಎಸ್ 0.45, ಎಫ್‌ಎಸ್ 30 ಹರ್ಟ್ಸ್ ಇರುವ ಸಬ್‌ವೂಫರಿಗೆ ಸುಮಾರು 27 ಲೀಟರ್ ಬರುತ್ತದೆ. ಡಬ್ಬದಲ್ಲಿ ಕೂತ ಮೇಲೆ ಅನುರಣನ 47 ಹರ್ಟ್ಸ್‌ಗೆ ಏರುತ್ತದೆ, ಸದ್ದು ಉಬ್ಬುತಗ್ಗಿಲ್ಲದೆ ಸಮವಾಗಿರುತ್ತದೆ. ಜಾಗ ಉಳಿಸಲು ಇದನ್ನೇ 10 ಲೀಟರಿಗೆ ತುರುಕಿದರೆ ಅನುರಣನ 67ಕ್ಕೆ ಹೋಗುತ್ತದೆ. ಆಮೇಲೆ ಯಾವ ಹಾಡು ಹಾಕಿದರೂ ಅದರ ಹತ್ತಿರದ ಸ್ವರಗಳೇ ಗುಂಯ್‌ಗುಟ್ಟಿ ಮುಂದೆ ಬರುತ್ತವೆ, ಆಳದ ಸ್ವರಗಳು ಮಾಯ.

ಕಾರ್ಪೆಂಟರಿಗೆ ಹೇಳುವಾಗ ಒಳಗಿನ ಅಳತೆ ಕೊಡು. ಹೊರಗೆ 50, 36, 30 ಸೆಂಟಿಮೀಟರ್ ಇರುವ ಡಬ್ಬ 54 ಲೀಟರ್ ಅನ್ನಿಸುತ್ತದೆ. 18 ಮಿಲಿಮೀಟರ್ ಹಲಗೆಯಲ್ಲಿ ಕಟ್ಟಿದರೆ ಒಳಗೆ ಉಳಿಯುವುದು ಬರೀ 39.7 ಲೀಟರ್. ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು ಹಲಗೆಯೇ ತಿಂದಿತು. ಸಬ್‌ವೂಫರಿನ ಮ್ಯಾಗ್ನೆಟ್ಟು, ಒಳಗೆ ಕೊಡುವ ಅಡ್ಡಪಟ್ಟಿ ಇವಕ್ಕೂ ಕಳೆಯಬೇಕು. ತೆಳು ಹಲಗೆ ಬೇಡ, ಅದು ತಾನೇ ನಡುಗಿ ಸದ್ದು ಮಾಡುತ್ತದೆ. ಎಂಡಿಎಫ್ ಆದರೂ ಸರಿ, ಪ್ಲೈವುಡ್ ಆದರೂ ಸರಿ. ಎಂಡಿಎಫ್‌ಗೆ ನೀರು ಸೋಕಿದರೆ ಉಬ್ಬುತ್ತದೆ, ಅದಕ್ಕೆ ಮಳೆಗಾಲದಲ್ಲಿ ಒದ್ದೆ ಛತ್ರಿ ಎಸೆಯುವ ಡಿಕ್ಕಿಗೆ ಪ್ಲೈವುಡ್ ವಾಸಿ. ಮೂಲೆಗಳಿಗೆಲ್ಲ ಅಂಟು ತುಂಬಿ, ಒಳಗಿನಿಂದ ಸಿಲಿಕೋನ್ ಎಳೆಸು. ಸೋರುವ ಡಬ್ಬ ಉಸ್ ಅನ್ನುತ್ತದೆ, ಲೆಕ್ಕವನ್ನೂ ಕೆಡಿಸುತ್ತದೆ.

ಇನ್ನು ಕೊಳವೆ ಇರುವ ಡಬ್ಬ, ಪೋರ್ಟೆಡ್ ಅನ್ನುತ್ತಾರಲ್ಲ ಅದು, ಬಿಂದಿಗೆಯ ಹಾಗೆ. ಬಿಂದಿಗೆಗೆ ನೀರು ಹಿಡಿಯುವಾಗ ತುಂಬಿದಷ್ಟೂ ಸದ್ದು ಸಣ್ಣಗಾಗಿ ಮೇಲೇರುತ್ತದೆ. ಒಳಗಿನ ಗಾಳಿ ಕಡಿಮೆಯಾದರೆ ಸ್ವರ ಏರುತ್ತದೆ, ಕೊರಳು ಉದ್ದವಾದರೆ ಇಳಿಯುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಬಿಡಿಸಿ ಹೇಳಿದ್ದು ಇದನ್ನೇ. 45 ಲೀಟರ್ ಡಬ್ಬವನ್ನು 34 ಹರ್ಟ್ಸ್‌ಗೆ ಶ್ರುತಿ ಮಾಡಬೇಕಾದರೆ ಒಳಗೆ 10 ಸೆಂಟಿಮೀಟರ್ ಅಗಲದ ಪಿವಿಸಿ ಪೈಪು ಸುಮಾರು 38 ಸೆಂಟಿಮೀಟರ್ ಉದ್ದ ಬೇಕು. ಡಬ್ಬದಲ್ಲಿ ಹಿಡಿಸಲಿಲ್ಲ ಅಂತ ಅರ್ಧಕ್ಕೆ ಕತ್ತರಿಸಿದರೆ ಅದು 45 ಹರ್ಟ್ಸ್‌ಗೆ ಜಿಗಿಯುತ್ತದೆ, ಅದು ಬೇರೆಯೇ ಡಬ್ಬ ಆಗಿಬಿಡುತ್ತದೆ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಬಾಸ್ ಟ್ಯೂಬುಗಳಿಗೂ ಇದೇ ನಿಯಮ, ಒಳಗಿನ ಲೀಟರ್ ಮತ್ತು ಕೊಳವೆಯ ಉದ್ದ ಕೇಳದೆ ತರಬೇಡ. ಕೊಳವೆಯ ಡಬ್ಬ ಅದೇ ವ್ಯಾಟಿಗೆ ಹೆಚ್ಚು ಸದ್ದು ಕೊಡುತ್ತದೆ ನಿಜ. ಆದರೆ ಶ್ರುತಿ ಮಾಡಿದ ಆವರ್ತನದ ಕೆಳಗೆ ಕೋನಿಗೆ ಗಾಳಿಯ ಹಿಡಿತ ತಪ್ಪುತ್ತದೆ, ಆದ್ದರಿಂದ ಆಂಪ್ಲಿಫೈಯರಿನಲ್ಲಿ (ಆಂಪ್) ಅಷ್ಟು ಆಳದ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಹಾಕಲು ಮರೆಯಬೇಡ. ಪೋರ್ಟೆಡ್ ಅಂದರೆ ಯಾವಾಗಲೂ ಸಡಿಲ ಬಾಸ್ ಅನ್ನುವುದು ಲೆಕ್ಕ ತಪ್ಪಿ ಕಟ್ಟಿದ ಡಬ್ಬಗಳು ತಂದ ಕೆಟ್ಟ ಹೆಸರು.

ಈಗ ನಿನ್ನ ಕಿವಿಗೆ ಬೀಳುವ ಕತೆಗಳಿಗೆ ಬರೋಣ. 40 ಹರ್ಟ್ಸ್‌ನ ಅಲೆ ಎಂಟೂವರೆ ಮೀಟರ್ ಉದ್ದ, ಪುಟ್ಟ ಕಾರಿನಲ್ಲಿ ಅದು ಹುಟ್ಟುವುದೇ ಇಲ್ಲ ಅನ್ನುತ್ತಾರೆ. ಹಾಗಿದ್ದರೆ ಇಯರ್‌ಫೋನಿನಲ್ಲಿ ಬಾಸ್ ಹೇಗೆ ಕೇಳುತ್ತದೆ? ಕಿವಿಗೆ ಬೇಕಾದದ್ದು ಒತ್ತಡದ ಏರಿಳಿತ, ಅಲೆಗೆ ಓಡಾಡಲು ಜಾಗ ಅಲ್ಲ. ನಿಜ ಹೇಳಬೇಕೆಂದರೆ ಅಲೆಯ ಅರ್ಧ ಉದ್ದ ಕಾರಿನ ಒಳಗಿನ ಉದ್ದವನ್ನು ಮೀರಿದ ಮೇಲೆ ಇಡೀ ಕ್ಯಾಬಿನ್ ಒಟ್ಟಿಗೆ ಒತ್ತಡಕ್ಕೆ ಸಿಕ್ಕಿ ಬಾಸ್ ತಾನಾಗಿ ಏರುತ್ತದೆ. ಪುಟ್ಟ ಹ್ಯಾಚ್‌ಬ್ಯಾಕಿಗೆ ಮುಚ್ಚಿದ ಪುಟ್ಟ ಡಬ್ಬ ಚೆನ್ನಾಗಿ ಹೊಂದುವುದು ಇದೇ ಕಾರಣಕ್ಕೆ.

15 ಇಂಚಿನ ಸಬ್‌ವೂಫರ್ ನಿಧಾನ, 8 ಇಂಚಿನದು ಚುರುಕು ಅನ್ನುವುದೂ ಹಾಗೆಯೇ. 50 ಹರ್ಟ್ಸ್ ಅಂದರೆ ಸೆಕೆಂಡಿಗೆ 50 ಸಲ, ದೊಡ್ಡದೂ ಅಷ್ಟೇ ಸಲ ಅಲುಗಬೇಕು, ಚಿಕ್ಕದೂ ಅಷ್ಟೇ. ತಡವಾಗಿ ನಿಲ್ಲುವ ಬಾಸಿಗೆ ಕಾರಣ ಡಬ್ಬ, ಇಂಚಲ್ಲ.

ಆಂಪ್‌ನ ಪ್ಯಾಕಿಂಗ್ ಮೇಲೆ 2000 ವ್ಯಾಟ್ ಅಂತ ಅಚ್ಚಾಗಿದ್ದರೆ ಆಂಪ್ ತಿರುಗಿಸಿ ಫ್ಯೂಸ್ ನೋಡು. 30 ಆಂಪಿಯರ್ ಇದೆಯಾ? ಎಂಜಿನ್ ಓಡುವಾಗಿನ 14.4 ವೋಲ್ಟಿನಿಂದ ಗುಣಿಸಿದರೆ ಒಳಹೋಗುವುದೇ 432 ವ್ಯಾಟ್. ಅದರಲ್ಲಿ ಶಾಖವಾಗಿ ಹೋಗುವುದನ್ನು ಕಳೆದರೆ ನಿನಗೆ ಸಿಗುವುದು 300ರ ಆಸುಪಾಸು. ಇನ್ನೊಂದು, ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ಬಾಸ್ ಬಂದಾಗ ಹೆಡ್‌ಲೈಟ್ ಮಂಕಾದರೆ ಒಂದು ಫ್ಯಾರಡ್ ಕೆಪಾಸಿಟರ್ ಹಾಕಿ ಅನ್ನುತ್ತಾರೆ. ಅದು 14.4ರಿಂದ 12 ವೋಲ್ಟಿಗೆ ಇಳಿಯುವಾಗ ಕೊಡುವುದು ಸುಮಾರು 32 ಜೌಲ್, 500 ವ್ಯಾಟ್ ಎಳೆಯುವ ಆಂಪ್‌ಗೆ ಸೆಕೆಂಡಿನ ಹದಿನಾರರಲ್ಲಿ ಒಂದು ಭಾಗಕ್ಕೆ ಸಾಕಾಗುವಷ್ಟು. ಬಾಸ್ ಅದಕ್ಕಿಂತ ಉದ್ದ ನಿಂತರೆ ಅದರ ಆಟ ಮುಗಿಯಿತು. ಬನಶಂಕರಿಯಿಂದ ಸಿಲ್ಕ್ ಬೋರ್ಡಿಗೆ ಹೋಗುವವನಿಗೆ ಇದು ಇನ್ನೂ ಮುಖ್ಯ. ಟ್ರಾಫಿಕ್‌ನಲ್ಲಿ ಎಂಜಿನ್ ಐಡಲ್‌ನಲ್ಲಿರುವಾಗ ಆಲ್ಟರ್ನೇಟರ್ ತನ್ನ ಪೂರ್ತಿ ಕರೆಂಟ್ ಕೊಡುವುದಿಲ್ಲ, ಮಿಕ್ಕದ್ದು ಬ್ಯಾಟರಿಯಿಂದ ಹೋಗುತ್ತದೆ. ಕೆಪಾಸಿಟರಿನ ದುಡ್ಡನ್ನು ದಪ್ಪ ತಾಮ್ರದ ವೈರಿಗೂ ಒಳ್ಳೆಯ ಬ್ಯಾಟರಿಗೂ ಹಾಕು. ತಾಮ್ರದ ಲೇಪದ ಅಲ್ಯೂಮಿನಿಯಂ ವೈರ್ ನೋಡಲು ಹಾಗೇ ಇರುತ್ತದೆ, ಆದರೆ ಅಲ್ಯೂಮಿನಿಯಂ ಹರಿಸುವುದು ತಾಮ್ರದ ಸುಮಾರು ಶೇಕಡ 60ರಷ್ಟು. ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಫ್ಯೂಸ್ ಇರಲೇಬೇಕು. ಅದು ಆಂಪ್ ಉಳಿಸಲಿಕ್ಕಲ್ಲ, ವೈರ್ ಎಲ್ಲಾದರೂ ಕಾರಿನ ಲೋಹದ ಮೈಗೆ ತಾಗಿದಾಗ ಬೆಂಕಿ ಬೀಳದಿರಲಿಕ್ಕೆ.

ಕಡೆಗೆ ಅಕ್ಕಪಕ್ಕದವರ ವಿಷಯ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ಸರ್ಕಾರ ಗೊತ್ತುಮಾಡಿದ ಆಸ್ಪತ್ರೆಗಳ ಸುತ್ತ ಕನಿಷ್ಠ 100 ಮೀಟರ್ ನಿಶ್ಶಬ್ದ ವಲಯ. ಜಯದೇವ, ನಿಮ್ಹಾನ್ಸ್ ಮುಂದೆ ದಿನವೂ ಹಾದುಹೋಗುವ ನಮಗೆ ಅದು ನೆನಪಿರಬೇಕು. ಕಾನೂನಿನ ಮೀಟರ್ ಬಾಸನ್ನು ಕಡಿಮೆ ಲೆಕ್ಕ ಹಾಕುತ್ತದೆ, ಜಯನಗರದ ಹಳೆಯ ಮನೆಯ ಕಿಟಕಿ ಗಾಜು ಹಾಗೆ ಮಾಡುವುದಿಲ್ಲ. ಲೇಔಟಿನ ಅಡ್ಡರಸ್ತೆಗೆ ತಿರುಗಿದ ಕೂಡಲೇ ಬಾಸ್ ಇಳಿಸುವುದನ್ನು ಅಭ್ಯಾಸ ಮಾಡಿಕೋ.

ನನ್ನ ತೀರ್ಮಾನ ಇಷ್ಟೇ. ಅಂಕಿಗಳ ಕಾಗದ ಇರುವ 10 ಇಂಚಿನ ಒಂದು ಸಬ್‌ವೂಫರ್, ಫ್ಯೂಸ್ ನೋಡಿ ಕೊಂಡ 300 ವ್ಯಾಟಿನ ಆಂಪ್, ಅಸಲಿ ತಾಮ್ರದ ವೈರ್, ಲೆಕ್ಕ ಹಾಕಿ ಗಟ್ಟಿಯಾಗಿ ಕಟ್ಟಿಸಿದ ಡಬ್ಬ. ನಮ್ಮ ಊರಿನ ರಸ್ತೆಗೆ, ನಿನ್ನ ಕಾರಿಗೆ ಇಷ್ಟು ಧಾರಾಳವಾಗಿ ಸಾಕು. ಇದಕ್ಕಿಂತ ಹೆಚ್ಚು ದುಡ್ಡು ಕೈಯಲ್ಲಿದ್ದರೆ ಮುಂದಿನ ಬಾಗಿಲುಗಳಿಗೆ ಒಳ್ಳೆಯ ಸ್ಪೀಕರ್ ಹಾಕಿಸು, ಎರಡನೆಯ ಸಬ್‌ವೂಫರ್ ಬೇಡ.