ಮಾಡಿದ ಸಹಾಯಕ್ಕೆ ತಕ್ಕ ಮಾತು: ಸದಸ್ಯರಿಗೊಂದು ಪಾಠ



ದೊಡ್ಡಬಳ್ಳಾಪುರ ತಾಲ್ಲೂಕಿನ ಪಂಚಾಯಿತಿಯೊಂದರಲ್ಲಿ ನಾನು ಕರ್ತವ್ಯದಲ್ಲಿದ್ದಾಗ, ಚುನಾವಣೆ ಮುಗಿದ ವಾರದಲ್ಲಿ ವೃದ್ಧೆಯೊಬ್ಬರು ಕಚೇರಿಗೆ ಬಂದರು. "ಸ್ವಾಮಿ, ನಂಗೆ ಪಿಂಚಣಿ ಕೊಡಿಸಿದ ಮೆಂಬರು ಸೋತೋದ್ರು. ಇನ್ಮೇಲೆ ದುಡ್ಡು ನಿಂತೋಯ್ತದಾ?" ಎಂದು ಕೇಳಿದರು.

ಆ ಸದಸ್ಯರು ನಿಜಕ್ಕೂ ಶ್ರಮಿಸಿದ್ದರು. ವಯಸ್ಸಿನ ದಾಖಲೆ ಹುಡುಕಿಸಿ, ನಾಡಕಚೇರಿಗೆ ಕರೆದೊಯ್ದು, ಅರ್ಜಿ ಹಾಕಿಸಿದ್ದರು. ಆದರೆ ಅಷ್ಟನ್ನೂ "ನಾನು ಕೊಡಿಸಿದೆ" ಎಂಬ ಒಂದೇ ಮಾತಿನಲ್ಲಿ ಹೇಳಿದ್ದರು. ಆ ಮಾತಿನಿಂದ ವೃದ್ಧೆಯ ಹಕ್ಕು ಋಣವಾಯಿತು, ಋಣ ಭಯವಾಯಿತು. 65 ವರ್ಷ ತುಂಬಿದ ಅರ್ಹರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಮಂಜೂರು ಮಾಡುವುದು ಕಂದಾಯ ಇಲಾಖೆ. ಸದಸ್ಯರು ಗೆದ್ದರೂ ಸೋತರೂ ಅದು ನಿಲ್ಲುವುದಿಲ್ಲ. ಹೀಗಾಗದಿರಲು ನಾವು ಮೂರು ಅಂಶಗಳನ್ನು ರೂಢಿಸಿಕೊಳ್ಳಬೇಕು.

1. ತೀರ್ಮಾನ ಯಾರದೆಂದು ಹೇಳುವುದು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಅರ್ಹ ಫಲಾನುಭವಿಗಳನ್ನು ಗುರುತಿಸಿ ಆದ್ಯತಾ ಪಟ್ಟಿ ಸಿದ್ಧಪಡಿಸುವುದು ವಾರ್ಡ್ ಸಭೆಯ ಕೆಲಸ. ಆದ್ದರಿಂದ "ನಾನು ಮನೆ ಕೊಟ್ಟೆ" ಎನ್ನುವುದು ವಿನಯದ ಕೊರತೆ ಮಾತ್ರವಲ್ಲ, ಸಂಗತಿಯೂ ತಪ್ಪು. "ವಾರ್ಡ್ ಸಭೆ ಆಯ್ಕೆ ಮಾಡಿತು; ಅವರ ಸ್ಥಿತಿಯನ್ನು ನಾನು ಸಭೆಯ ಗಮನಕ್ಕೆ ತಂದೆ" ಎಂಬುದು ಸರಿ.

2. ನಮ್ಮ ಪಾಲನ್ನು ಕ್ರಿಯಾಪದದಲ್ಲಿ ಹೇಳುವುದು. "ಸಮಾಜಸೇವೆ ಮಾಡಿದೆ" ಎಂದರೆ ಏನೂ ತಿಳಿಯದು. ಗುರುತಿಸಿದೆ, ತಿಳಿಸಿದೆ, ಜೊತೆಗೆ ಹೋದೆ, ಸಭೆಯಲ್ಲಿ ಪ್ರಸ್ತಾಪಿಸಿದೆ, ಸ್ವೀಕೃತಿ ಪತ್ರ ಕೇಳಿ ಪಡೆದೆವು, ವಿಳಂಬವಾದಾಗ ವಿಚಾರಿಸಿದೆ: ಇವು ಪರಿಶೀಲಿಸಬಹುದಾದ ಮಾತುಗಳು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011 ಅಧಿಸೂಚಿತ ಸೇವೆಗಳಿಗೆ ಕಾಲಮಿತಿ ನಿಗದಿಪಡಿಸಿದೆ. ಅದನ್ನು ಅರ್ಜಿದಾರರಿಗೆ ತಿಳಿಸುವುದೂ ದೊಡ್ಡ ಸಹಾಯವೇ. ಆಗದ ಕೆಲಸವನ್ನು "ಆಗಲಿಲ್ಲ, ಕಾರಣ ಇದು" ಎಂದು ಹೇಳಬೇಕು.

3. ಅಳತೆಯಿಂದ ಹೇಳುವುದು. ನಾನು ಎಂಜಿನಿಯರಿಂಗ್ ಓದಿದವನು. ಅಳತೆ ಪುಸ್ತಕದಲ್ಲಿ "ಉದ್ದನೆಯ ಚರಂಡಿ" ಎಂದು ಯಾರೂ ಬರೆಯುವುದಿಲ್ಲ. ಉದ್ದ, ಅಗಲ, ಆಳ ಬರೆಯುತ್ತಾರೆ. ನಡವಳಿ ಪುಸ್ತಕಕ್ಕೂ ಅದೇ ಶಿಸ್ತು ಬೇಕು. "ಬೀದಿ ದೀಪದ ಸಮಸ್ಯೆ ಬಗೆಹರಿಸಲಾಯಿತು" ಎನ್ನುವ ಬದಲು ಯಾವ ಬೀದಿ, ಎಷ್ಟು ದೀಪ, ಯಾವ ದಿನ ಎಂಬುದನ್ನು ದಾಖಲಿಸಿ. ಮುಂದೆ ಬರುವ ಸದಸ್ಯರು ಅಲ್ಲಿಂದಲೇ ಕೆಲಸ ಮುಂದುವರಿಸಬಹುದು.

ಅಭ್ಯಾಸ: ಈ ತಿಂಗಳು ತಾವು ಮಾಡಿದ ಒಂದು ಸಹಾಯವನ್ನು "ಕೊಟ್ಟೆ", "ಕೊಡಿಸಿದೆ" ಎಂಬ ಪದಗಳಿಲ್ಲದೆ ಮೂರು ವಾಕ್ಯಗಳಲ್ಲಿ ಬರೆಯಿರಿ. ಬಳಿಕ ಸಹಾಯ ಪಡೆದವರಿಗೇ ಓದಿ ಹೇಳಿ. ಅವರು "ಹೌದು, ಹಾಗೇ ಆಯಿತು" ಎಂದರೆ ಮಾತು ಸರಿಯಿದೆ.

ಅಂದು ಆ ವೃದ್ಧೆಗೆ ನಾನು ಹೇಳಿದ್ದಿಷ್ಟೇ: "ಅಮ್ಮಾ, ಅದು ಮೆಂಬರ ದುಡ್ಡಲ್ಲ, ನಿಮ್ಮದು." ಈ ಮಾತನ್ನು ಅವರು ಮೊದಲ ದಿನವೇ ತಮ್ಮ ಸದಸ್ಯರ ಬಾಯಿಂದ ಕೇಳಬೇಕಿತ್ತು.