ಗಂಟೆಗೆ ಗಂಟೆ ಲೆಕ್ಕ

ಓದುಗರೊಬ್ಬರು ಅಪಾರ್ಟ್‌ಮೆಂಟಿನ ಪಕ್ಕದ ಮನೆಯವರಿಗೆ ನಾಲ್ಕು ರವಿಕೆ ಹೊಲಿದುಕೊಟ್ಟಿದ್ದಾರೆ. ಪ್ರತಿಯಾಗಿ ಏನೂ ಬಂದಿಲ್ಲ. ಬಾಯಿಬಿಟ್ಟು ಕೇಳಲು ಸಂಕೋಚ.

ಇಬ್ಬರ ನಡುವಿನ ವಿನಿಮಯ ಮುಗ್ಗರಿಸುವುದೇ ಇಲ್ಲಿ. ರವಿಕೆ ಹೊಲಿಸಿಕೊಂಡವರಿಗೆ ಹೊಲಿದವರ ಅಗತ್ಯದ ಕೆಲಸ ಬರಬೇಕೆಂದೇನಿಲ್ಲ. ಗುಂಪಿನಲ್ಲಾದರೆ ಈ ತೊಡಕಿಲ್ಲ. 1973ರಲ್ಲಿ ಜಪಾನಿನ ಒಸಾಕಾದಲ್ಲಿ ತೆರುಕೊ ಮಿಜುಶಿಮಾ ಶ್ರಮದ ಬ್ಯಾಂಕನ್ನೇ ತೆರೆದರು. ಮಹಿಳೆಯರು ದುಡಿದ ಗಂಟೆಗಳನ್ನು ಜಮಾ ಮಾಡಿ, ಬೇಕಾದಾಗ ಇನ್ನೊಬ್ಬ ಸದಸ್ಯೆಯಿಂದ ನೆರವು ಪಡೆಯುತ್ತಿದ್ದರು. 1983ರಲ್ಲಿ ಕೆನಡಾದಲ್ಲಿ ಮೈಕೆಲ್ ಲಿಂಟನ್ ಆರಂಭಿಸಿದ ವಿನಿಮಯ ವ್ಯವಸ್ಥೆಯಲ್ಲಿ ಎಲ್ಲರ ಖಾತೆಯೂ ಸೊನ್ನೆಯಿಂದ ಶುರು. ಋಣ ಇಡೀ ಗುಂಪಿಗೆ, ಒಬ್ಬರಿಗಲ್ಲ.

ನಾಟಿಗೆ, ಕೊಯ್ಲಿಗೆ ಮುಯ್ಯಾಳಾಗಿ ಹೋಗುವ ನಮ್ಮ ರೈತರಿಗೆ ಇದೇನೂ ಹೊಸತಲ್ಲ. ಅಲ್ಲಿ ಬಾಯಿಲೆಕ್ಕ ಸಾಕು, ಎಲ್ಲರ ಗದ್ದೆಯೂ ಕಣ್ಣೆದುರಿಗಿದೆ. ಅಪಾರ್ಟ್‌ಮೆಂಟಿಗಾದರೆ ಪುಸ್ತಕವೇ ಬೇಕು.

ಹಾಗಾಗಿ ಓದುಗರು ನಾಲ್ಕೈದು ಮನೆಗಳನ್ನು ಸೇರಿಸಿ ಒಂದು ನೋಟ್‌ಬುಕ್ ಇಡಲಿ: ತಾರೀಖು, ಮಾಡಿದವರು, ಮಾಡಿಸಿಕೊಂಡವರು, ಗಂಟೆ. ಲೈನಿಂಗ್ ಬಟ್ಟೆ, ನೂಲು, ಹುಕ್ಕುಗಳ ಖರ್ಚನ್ನು ಮಾತ್ರ ಹಣದಲ್ಲೇ ಪಡೆಯಲಿ. ಬಾಕಿಗೊಂದು ಮಿತಿ ಇರಲಿ, ಐದು ಗಂಟೆ ಎನ್ನೋಣ.

ಹಳೆಯ ನಾಲ್ಕು ರವಿಕೆ? ಮರೆತುಬಿಡುವುದು ವಾಸಿ. ಪಕ್ಕದ ಮನೆಯವರಿಗೆ ಮಿಕ್ಸಿ ರಿಪೇರಿಯೋ ಮಕ್ಕಳಿಗೆ ಗಣಿತ ಹೇಳಿಕೊಡುವುದೋ ಗೊತ್ತಿದ್ದರೆ, ಮೊದಲ ಪುಟದಲ್ಲೇ ಅವರ ಹೆಸರು ಬರೆಸಬಹುದು.