ಇಳಿದ ದಿನವೇ ಐದು ಜಾಗವೇ?

ಟೋಕಿಯೊದಲ್ಲಿ ಇಳಿದ ದಿನವೇ ಐದು ಜಾಗ ನೋಡಬೇಕೆಂದು ಯಜಮಾನರ ಪಟ್ಟಿ. ನಿಮಗೋ ನಿದ್ದೆ ಬೇಕು. ನಾನು ನಿಮ್ಮ ಕಡೆ, ಆದರೆ ಪೂರ್ತಿಯಾಗಿ ಅಲ್ಲ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ 10 ಆದಾಗ ನಿಮ್ಮ ಮೈಗೆ ಇನ್ನೂ ಸಂಜೆ ಆರೂವರೆ. ಹಗಲು ಗಡದ್ದಾಗಿ ಮಲಗಿದಿರೋ, ರಾತ್ರಿಯಿಡೀ ಹೊರಳಾಟ. ಅರ್ಧ ಗಂಟೆ ಕಣ್ಣು ಮುಚ್ಚಿ, ಸಾಕು. ಹೋಟೆಲಿನಲ್ಲಿ ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ 3ರ ನಂತರ. ಪೆಟ್ಟಿಗೆಗಳನ್ನು ಮೊದಲೇ ಕೊಟ್ಟರೆ ಇಟ್ಟುಕೊಳ್ಳುತ್ತಾರೆ.

ಸಂಜೆ ಅಸಾಕುಸಕ್ಕೆ ಹೋಗಿ, ಅದೊಂದೇ. ಅಲ್ಲಿನ ಸೆನ್ಸೋಜಿ ದೇಗುಲದ ಮುಖ್ಯ ಮಂದಿರ 5ಕ್ಕೆ ಮುಚ್ಚಿದರೂ ಪ್ರಾಂಗಣ ತೆರೆದೇ ಇರುತ್ತದೆ. ದೀಪ ಹತ್ತಿದ ಮೇಲೆ ನೂಕುನುಗ್ಗಲೂ ಕಡಿಮೆ. ಟಿಕೆಟ್ಟಿಲ್ಲ, ಆದ್ದರಿಂದ ಸುಸ್ತಾದರೆ ಅರ್ಧಕ್ಕೇ ತಿರುಗಿ ಬರಬಹುದು.

ನನಗೆ ಹೆಚ್ಚು ಚಿಂತೆ ನಿಮ್ಮ ಊಟದ್ದು. ಸಸ್ಯಾಹಾರಿಗಳು ಅಂದಿರಿ. ಉದೋನ್ ನೂಡಲ್ಸಿನ ಸಾರು, ಮಿಸೋ ಸೂಪುಗಳಲ್ಲಿ ಮೀನಿನ ತುಂಡು ಕಾಣದಿದ್ದರೂ ಒಣಮೀನಿನ ರಸ ಇರುವುದೇ ಹೆಚ್ಚು. ಹಸಿದು ದಣಿದ ಇಬ್ಬರು ಬೀದಿಯಲ್ಲಿ ನಿಂತು ಇದನ್ನೆಲ್ಲ ವಿಚಾರಿಸಹೊರಟರೆ ಜಗಳ ಗ್ಯಾರಂಟಿ (ಪ್ರವಾಸದ ಜಗಳಗಳೆಲ್ಲ ಹೊಟ್ಟೆಯಿಂದಲೇ ಶುರುವಾಗುತ್ತವೆ ಎಂಬುದು ನನ್ನ ಗುಮಾನಿ). ಮೊದಲ ರಾತ್ರಿಗೆ ಸಸ್ಯಾಹಾರಿ ಹೋಟೆಲೊಂದನ್ನು ಇಲ್ಲಿಂದಲೇ ಗುರುತಿಸಿಕೊಳ್ಳಿ. ಕೈಚೀಲದಲ್ಲಿ ಕೋಡುಬಳೆ ಇರಲಿ. ಉಳಿದ ನಾಲ್ಕು ಜಾಗಗಳ ಪಟ್ಟಿ ಯಜಮಾನರ ಜೇಬಿನಲ್ಲೇ ಇರಲಿ, ಮರುದಿನ ಬೆಳಿಗ್ಗೆ ತೆಗೆದರಾಯಿತು.